ಕಾಲುವೆ ಕೊನೆಯ ಆರು ಎಕರೆ: ಭತ್ತ ಹಚ್ಚಬೇಕಾ, ಬಿಡಬೇಕಾ?

ಎರೆಹೊಲ (ಸಿರವಾರ ಭಾಗ):

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ಆರು ಎಕರೆ ಎರೆಭೂಮಿ, ಬೋರ್ ಇಲ್ಲ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ಗೊತ್ತು. ಈ ವರ್ಷ (2025) ಗೇಟುಗಳನ್ನ ಬದಲಿಸೋ ಕೆಲಸ ಅಂತಾರ, ಅಂದ್ರ ಎರಡನೇ ಬೆಳೆಗೆ ನೀರು ನಂಬಂಗಿಲ್ಲ. ಮೊದಲನೇ ಬೆಳೆಗೂ ಕಾಲುವೆ ಮೇಲ್ಭಾಗದವರು ನೀರು ಬಿಟ್ಟರ ನಮಗ. ಸುತ್ತಮುತ್ತ ಎಲ್ಲರೂ ಭತ್ತದ ಸಸಿ ಮಡಿ ಹಾಕ್ಯಾರ. ಮನ್ಯಾಗ ಅಪ್ಪಾಜಿ ಭತ್ತ ಅಂತಾರ, ನನಗ ಧೈರ್ಯ ಸಾಲವಲ್ದು. ಈ ಜುಲೈನಾಗ ಏನು ಮಾಡಬಹುದು, ಅನುಭವ ಇದ್ದವರು ಹೇಳ್ರಿ.

ಹಿಂಗಾರಿ_ಜೋಳ:

ನಾನೂ ಕೆಳಭಾಗದವನೇ. ಡ್ಯಾಮಿನಾಗ ಎಷ್ಟು ಟಿಎಂಸಿ ಐತಿ ಅನ್ನೋದನ್ನ ನೋಡಿ ಬೆಳೆ ಆರಿಸಬ್ಯಾಡ್ರಿ, ಕಾಲುವೆಯ ಮೈಲ್ 104ರಾಗ ನೀರಿನ ಮಟ್ಟ ಅಳೆಯೋ ಗೇಜ್ ನೋಡ್ರಿ. ಡ್ಯಾಮ್ ತುಂಬಿ ನದಿಗೆ ನೀರು ಬಿಟ್ಟ ವರ್ಷವೂ ನಮ್ಮ ತೂಬಿನಾಗ (ಕಾಲುವೆಯಿಂದ ಹೊಲಕ್ಕ ನೀರು ಬಿಡೋ ಬಾಯಿ) ಕೆಸರು ಒಣಗಿದ್ದನ್ನ ನೋಡೀವಿ. ನಿಮ್ಮ ಪಾಳಿ ಒಂದು ಸಲ ತಪ್ಪಿದ್ರೂ ಬೆಳೆ ಉಳೀಬೇಕು, ಲೆಕ್ಕ ಅಷ್ಟೇ.

ಭತ್ತಕ್ಕ ಒಂದು ಸಾವಿರದ ಇನ್ನೂರು ಮಿಲಿಮೀಟರ್ ಹತ್ತಿರ ನೀರು ಬೇಕು. ಎಕರೆಗೆ ಲೆಕ್ಕ ಹಾಕಿದ್ರ 48 ಲಕ್ಷ ಲೀಟರ್. ಜೋಳಕ್ಕ ಅದರ ಅರ್ಧಕ್ಕಿಂತ ಕಡಿಮಿ ಸಾಕು, ಕಡಲೆಗೆ ಇನ್ನೂ ಕಡಿಮಿ. ಎರೆಭೂಮಿ ಒಂದು ಸಲ ಚೆನ್ನಾಗಿ ನೆನೆದ್ರ ಕಡಲೆ ಆ ಹಸಿಯೊಳಗೇ ಅರ್ಧ ದಾರಿ ಬಂದುಬಿಡ್ತದ.

ನಾನಾದ್ರ ತೂಬಿನ ಹತ್ತಿರದ ಎರಡು ಎಕರೆಗೆ ಮಾತ್ರ ಭತ್ತ ಹಾಕ್ತೀನಿ, ಅದೂ ಕೂರಿಗೆ ಬಿತ್ತನೆ. ಕೆಸರು ಮಾಡೋದಿಲ್ಲ, ನಾಟಿ ಇಲ್ಲ, ಬೀಜ ಎಕರೆಗೆ 10-12 ಕೆಜಿ. ಕಾಲುವೆ ನೀರು ತಡ ಆದ್ರೂ ಮಳಿ ಮ್ಯಾಲೆ ಸಸಿ ನಿಂತಿರ್ತದ. ಕಳೆ ಮಾತ್ರ ಬಿಡಂಗಿಲ್ಲ. ಬಿತ್ತಿದ ಎರಡು ಮೂರು ದಿನದೊಳಗ, ನೆಲ ಹಸಿ ಇರೋವಾಗಲೇ ಪೆಂಡಿಮೆಥಲಿನ್ ಅನ್ನೋ ಕಳೆನಾಶಕ ಹೊಡೀಬೇಕು, ತಡ ಮಾಡಿದ್ರ ಕಳೆ ಕೂಲಿಯೇ ಲಾಭ ತಿಂತದ.

ಉಳಿದ ನಾಲ್ಕರಾಗ ಎರಡಕ್ಕ ಈಗ ಸಜ್ಜೆ ಬಿತ್ರಿ. ಸೆಪ್ಟೆಂಬರ್ ಕೊನಿಗೆ ಕೊಯ್ಲಿಗೆ ಬರ್ತದ, ಹಸ್ತ ಮಳಿ ದಾಟಿದ ಮ್ಯಾಲೆ ಅಲ್ಲೇ ಕಡಲೆ. ಇನ್ನೆರಡು ಎಕರೆ ಖಾಲಿ ಬಿಟ್ಟು, ಹರಗಿ ಹರಗಿ ಮಳಿ ನೀರು ಇಂಗಿಸಿ, ಉತ್ತರಿ ಮಳಿಗೆ ಜೋಳ. 2025-26ಕ್ಕ ಮಾಲ್ದಂಡಿ ಜೋಳಕ್ಕ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ, ಸಾಮಾನ್ಯ ಭತ್ತಕ್ಕ 2,369. ಇಳುವರಿ ಭತ್ತದ್ದೇ ಹೆಚ್ಚು ಖರೇ, ಆದ್ರ ಕಣಿಕಿ (ಜೋಳದ ಒಣ ಮೇವು) ಬೆಲೆನೂ ಜೋಳದ ಲೆಕ್ಕಕ್ಕ ಸೇರಿಸ್ರಿ. ಬರದ ವರ್ಷ ಮನಿ ಮುಂದಿನ ಬಣವಿಗೆ ಸಿಗೋ ಮರ್ಯಾದೆ ದೊಡ್ಡದು.

ಕಾರಟಗಿ_ಗದ್ದೆ:

ಮೇಲಿನವರು ನೀರು ಬಿಡಲ್ಲ ಅನ್ನೋ ಮಾತಿಗೆ ನಾನು ಉತ್ತರ ಕೊಡಲೇಬೇಕು. ನಮ್ಮದು ಆ ಮೇಲ್ಭಾಗವೇ. ನಮ್ಮ ಕಡೆ ಎಷ್ಟೋ ಹೊಲ ಸವಳು (ಉಪ್ಪು), ಜವಳು (ನೀರು ನಿಲ್ಲೋದು) ಹಿಡಿದಿವೆ. ಅಲ್ಲಿ ಜೋಳ ಹಾಕಿದರೆ ಮೊಳಕೆ ಬರೋದೇ ಕಷ್ಟ, ಭತ್ತ ಬಿಟ್ಟರೆ ಬೇರೆ ನಿಲ್ಲಲ್ಲ. ಆದರೆ ಒಂದು ಒಪ್ಪುತ್ತೇನೆ: ಈ ಕಾಲುವೆ ಯೋಜನೆ ಹೆಚ್ಚಾಗಿ ಅರೆ ನೀರಾವರಿ ಬೆಳೆಗಳಿಗೆ, ಅಂದರೆ ಕಡಿಮೆ ನೀರಿನ ಬೆಳೆಗಳಿಗೆ ಅಂತಲೇ ಆದದ್ದು. ಇಷ್ಟೊಂದು ಭತ್ತದ ಲೆಕ್ಕದಲ್ಲಿ ಕಾಲುವೆ ಕಟ್ಟಿಲ್ಲ. ಹೂಳು ತುಂಬಿ ಡ್ಯಾಮಿನ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ, ಭತ್ತ ಮಾತ್ರ ಇಳಿದಿಲ್ಲ.

ಎರೆಹೊಲ:

ಇಬ್ಬರಿಗೂ ಧನ್ಯವಾದ. ಒಂದೇ ಹೆದರಿಕಿ: ನಮ್ಮ ಎಡಕ್ಕ, ಮ್ಯಾಲಿನ ಹೊಲಕ್ಕ ಭತ್ತ ಬರ್ತದ. ನಡುವೆ ನಾನೊಬ್ಬನೇ ಕಡಲೆ ಹಾಕಿದ್ರ?

ಹಿಂಗಾರಿ_ಜೋಳ:

ಇದು ಮುಖ್ಯ ಪ್ರಶ್ನೆ, ನಾನೇ ಮೊದಲು ಹೇಳಬೇಕಿತ್ತು. ಬಸಿ ನೀರು ನಿಮ್ಮ ಹೊಲಕ್ಕ ಬಂದೇ ಬರ್ತದ. ಬದುವಿನ ಪಕ್ಕದ ಮೂರು ನಾಲ್ಕು ಸಾಲು ಮೊದಲು ಹಳದಿ ಆಗ್ತಾವ. ನೀರು ಕಡಿಮಿ ಆಗೇದ ಅಂತ ತಿಳಿದು ನೀರು ಕಟ್ಟಬ್ಯಾಡ್ರಿ. ಒಂದು ಗಿಡ ಕಿತ್ತು ನೋಡ್ರಿ: ಬೇರು ಕಪ್ಪಗಾಗಿ, ಸಿಪ್ಪಿ ಕೈಗೆ ಜಾರಿ ಬಂದ್ರ ಅದು ನೀರು ನಿಂತದ್ದರ ಗುರ್ತು. ಸಜ್ಜೆ ಬಿತ್ತೋಕಿಂತ ಮೊದಲು ಮ್ಯಾಲಿನ ಬದುವಿಗುಂಟ ಮೊಣಕಾಲುದ್ದ ಬಸಿಗಾಲುವೆ ತೆಗೀರಿ, ಹಳ್ಳಕ್ಕ ಕೂಡಿಸ್ರಿ. ಹಳ್ಳದ ತನಕ ದಾರಿ ಬೇರೆಯವರ ಹೊಲದಾಗ ಹೋಗ್ತಿದ್ರ ಈಗಲೇ ಮಾತಾಡ್ರಿ, ನಾಟಿ ಆದ ಮ್ಯಾಲೆ ಯಾರೂ ಬಿಡಂಗಿಲ್ಲ.

ಇನ್ನೊಂದು, ಕಡಲೆಯ ಎರಡು ಎಕರೆಯನ್ನ ಭತ್ತದವರ ಪಕ್ಕಕ್ಕ ಇಡಬ್ಯಾಡ್ರಿ. ನಿಮ್ಮದೇ ಕೂರಿಗೆ ಭತ್ತ ಆ ಕಡೆ ಬರಲಿ, ನಡುವೆ ಜೋಳ, ಆಚೆ ದಂಡಿಗೆ ಕಡಲೆ. ಒಂದೇ ತೂಬಿನ ಮೂರು ನಾಲ್ಕು ಮಂದಿ ಸೇರಿ ಭತ್ತವನ್ನ ಒಂದು ಕಡೆ, ಒಣ ಬೆಳೆಯನ್ನ ಒಂದು ಕಡೆ ಮಾಡಿಕೊಂಡ್ರ ಎಲ್ಲರಿಗೂ ಚಲೋ. ನಿಮ್ಮ ಅಪ್ಪಾಜಿಗೆ ತೂಬಿನ ಹತ್ತಿರದ ಎರಡು ಎಕರೆ ಭತ್ತ ಅಂತ ಹೇಳ್ರಿ, ಒಪ್ತಾರ. ಕಡಲೆಗೆ ಹೂವಿನ ಹೊತ್ತಿನಾಗ ನೀರು ಕೊಡಬ್ಯಾಡ್ರಿ. ಅದಕ್ಕಿಂತ ಮೊದಲು ಒಂದು, ಕಾಯಿ ಕಟ್ಟುವಾಗ ಸಿಕ್ಕರ ಇನ್ನೊಂದು. ಸಿಗದಿದ್ರೂ ಎಡೆ ಹೊಡೆದು ಬಿರುಕು ಮುಚ್ಚಿದ ಜೋಳ, ಕಡಲೆ ಕೈ ಬಿಡಂಗಿಲ್ಲ.