ಆದಿಗೆ ಸಿಮ್ಯುಲೇಟರ್ ಕೊಡಿಸಬೇಕಾ? ಮನೆ ಗುಂಪಿನ ಚರ್ಚೆ

*ಶ್ರೀಧರ ಚಿಕ್ಕಪ್ಪ:* ಒಂದು ವಿಡಿಯೊ ನೋಡಿದೆ. ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಮನೆಯಲ್ಲೇ ಇಟ್ಟುಕೊಂಡರೆ ಪೈಲಟ್ ಟ್ರೇನಿಂಗ್ ಖರ್ಚು ಅರ್ಧ ಉಳಿಯುತ್ತದಂತೆ. ಆದಿಗೆ ಒಂದು ಸೆಟ್ ಕೊಡಿಸೋಣ ಅಂತಿದ್ದೇನೆ. ಮೇಘಾ, ನೀನೇನಂತೀಯ?

*ಮೇಘಾ:* ಕೊಡಿಸಿ ಚಿಕ್ಕಪ್ಪ. ಆದರೆ ಅರ್ಧ ಉಳಿಯುತ್ತದೆ ಅನ್ನೋದನ್ನು ನಂಬಬೇಡಿ. ನಮ್ಮ ದೇಶದಲ್ಲಿ ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, 200 ಗಂಟೆ ಹಾರಾಟ ಬೇಕು. ಮನೆಯಲ್ಲಿ ಕೂತು ಹಾರಿಸಿದ್ದು ಒಂದು ನಿಮಿಷವೂ ಹಾರಾಟದ ಗಂಟೆ ಬರೆದಿಡುವ ಲಾಗ್‌ಬುಕ್ಕಿಗೆ ಸೇರುವುದಿಲ್ಲ.

*ಆದಿ:* ಅಮೆರಿಕದಲ್ಲಿ ಸೇರಿಸುತ್ತಾರಲ್ಲ ಅಕ್ಕ? ಎಕ್ಸ್-ಪ್ಲೇನ್ ಅನ್ನುವ ಸಿಮ್ಯುಲೇಟರ್ ಸಾಫ್ಟ್‌ವೇರ್‌ಗೆ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಒಪ್ಪಿಗೆ ಇದೆ.

*ಮೇಘಾ:* ಒಪ್ಪಿಗೆ ಇರೋದು ಬರೀ ಸಾಫ್ಟ್‌ವೇರ್‌ಗೆ ಅಲ್ಲ ಆದಿ, ಇಡೀ ಯಂತ್ರಕ್ಕೆ. ಎಎಟಿಡಿ ಅನ್ನುವ ದರ್ಜೆಯ ತರಬೇತಿ ಯಂತ್ರವಾಗಿರಬೇಕು, ಇನ್‌ಸ್ಟ್ರಕ್ಟರ್ ಜೊತೆಗಿದ್ದು ಸಹಿ ಹಾಕಬೇಕು. ಆಗ ಇನ್‌ಸ್ಟ್ರುಮೆಂಟ್ ರೇಟಿಂಗ್‌ನ, ಅಂದರೆ ಹೊರಗೆ ಕಾಣದಿದ್ದಾಗ ಮೀಟರ್ ನೋಡಿಯೇ ಹಾರಿಸುವ ಅರ್ಹತೆಯ, 40 ಗಂಟೆಯಲ್ಲಿ 20ರವರೆಗೆ ಲೆಕ್ಕಕ್ಕೆ ಬರುತ್ತದೆ. ನಿನ್ನ ರೂಮಿನ ಕಂಪ್ಯೂಟರ್ ಅದಲ್ಲ.

*ಆದಿ:* ಆದ್ರೂ ಎಲ್ಲಾ ನಿಜದ ಹಾಗೇ ಇದೆ ಅಕ್ಕ. ನಮ್ಮ ಕೆರೆ, ರಿಂಗ್ ರೋಡ್ ಎಲ್ಲಾ ಕಾಣುತ್ತೆ.

*ಮೇಘಾ:* ಕಣ್ಣಿಗೆ ನಿಜ, ಕೈಗೆ ಅಲ್ಲ. ನಿಜವಾದ ಸೆಸ್ನಾ ತರಬೇತಿ ವಿಮಾನದಲ್ಲಿ ವೇಗ ಬದಲಾದರೆ ಯೋಕ್, ಅಂದರೆ ವಿಮಾನದ ಸ್ಟಿಯರಿಂಗ್, ಕೈಯನ್ನು ಎಳೆಯುತ್ತದೆ ಇಲ್ಲವೇ ತಳ್ಳುತ್ತದೆ. ಟ್ರಿಮ್ ಚಕ್ರ ತಿರುಗಿಸಿದ ಹಾಗೆ ಆ ಭಾರ ಇಳಿಯುತ್ತದೆ. ಆಮೇಲೆ ಎರಡು ಬೆರಳಲ್ಲಿ ಹಿಡಿದರೆ ಸಾಕು. ಸಾಮಾನ್ಯವಾಗಿ ಮನೆಗೆ ಕೊಳ್ಳುವ ಯೋಕ್‌ನಲ್ಲಿರುವುದು ಬರೀ ಸ್ಪ್ರಿಂಗ್. ನಿಂತಿದ್ದರೂ ಅಷ್ಟೇ, 100 ನಾಟ್ ವೇಗದಲ್ಲಿದ್ದರೂ ಅಷ್ಟೇ.

ನಾನೂ ಎರಡು ವರ್ಷ ಸಿಮ್ ಹಾರಿಸಿಯೇ ಟ್ರೇನಿಂಗ್‌ಗೆ ಹೋದವಳು. ಮೊದಲ ವಾರವೇ ನಮ್ಮ ಸರ್ ಒಂದು ರಟ್ಟು ತಂದು ಮೀಟರ್‌ಗಳನ್ನೆಲ್ಲಾ ಮುಚ್ಚಿಬಿಟ್ಟರು. "ಹೊರಗೆ ನೋಡಮ್ಮ" ಅಂದರು. ಎತ್ತರ ತೋರಿಸುವ ಆಲ್ಟಿಮೀಟರ್ ಮುಳ್ಳಿನ ಹಿಂದೆ ಓಡೋದು ನನಗೆ ಅಷ್ಟು ರೂಢಿಯಾಗಿತ್ತು. ವಿಮಾನದ ಮೂಗಿಗೂ ದಿಗಂತಕ್ಕೂ ಎಷ್ಟು ಬೆರಳು ಅಂತರ ಇದೆ ಅಂತ ನೋಡಿ ಹಾರಿಸುವುದನ್ನು ಹೊಸದಾಗಿ ಕಲಿತೆ. ಇಳಿಯುವಾಗ ಇನ್ನೂ ಕಷ್ಟ ಆಯ್ತು. ಕೊನೆಯ ಕೆಲವು ಅಡಿ ಎತ್ತರ ಗೊತ್ತಾಗುವುದು ಕಣ್ಣಂಚಿನಲ್ಲಿ ನೆಲ ಮೇಲೇಳುವುದರಿಂದ. ಎದುರಿಗೊಂದೇ ಮಾನಿಟರ್ ಇದ್ದರೆ ಅದು ಬರಲ್ಲ.

*ಸುಧಾ ಅತ್ತೆ:* ಹಾಗಾದ್ರೆ ಸುಮ್ನೆ ದುಡ್ಡು ದಂಡ ಅಲ್ವಾ?

*ಮೇಘಾ:* ಇಲ್ಲ ಅತ್ತೆ. ಚೆಕ್‌ಲಿಸ್ಟ್, ವಿಒಆರ್ ಅನ್ನುವ ನೆಲದ ರೇಡಿಯೊ ಕೇಂದ್ರದ ಸಂಕೇತ ಹಿಡಿದು ಹೋಗುವುದು, ಹೋಲ್ಡಿಂಗ್ ಅಂದರೆ ಒಂದೇ ಕಡೆ ಸುತ್ತುತ್ತಾ ಕಾಯುವುದು, ಐಎಲ್‌ಎಸ್ ಅನ್ನುವ ರೇಡಿಯೊ ಸಂಕೇತ ಹಿಡಿದು ಇಳಿಯುವುದು, ಇದಕ್ಕೆಲ್ಲಾ ಬಹಳ ಒಳ್ಳೆಯದು. ಹೋಲ್ಡ್‌ಗೆ ಯಾವ ಕಡೆಯಿಂದ ಸೇರಬೇಕು ಅಂತ ತಲೆ ಕೆಟ್ಟಾಗ ಹಾರಾಟವನ್ನು ಅಲ್ಲೇ ನಿಲ್ಲಿಸುವ ಪಾಸ್ ಗುಂಡಿ ಒತ್ತಿ, ಕಾಗದದ ಮೇಲೆ ಬರೆದು ನೋಡಬಹುದು. ಆಕಾಶದಲ್ಲಿ ಆ ಗುಂಡಿ ಎಲ್ಲಿದೆ? ಅಲ್ಲಿ ಗಂಟೆಗೆ ಸಾವಿರಾರು ರೂಪಾಯಿ ಕೊಟ್ಟು ತಡವರಿಸಬೇಕು.

*ಶ್ರೀಧರ ಚಿಕ್ಕಪ್ಪ:* ಏರ್‌ಲೈನ್‌ನವರೂ ಸಿಮ್ಯುಲೇಟರ್‌ನಲ್ಲೇ ಕಲಿಸುತ್ತಾರಂತಲ್ಲ?

*ಮೇಘಾ:* ಅದು ಆರು ಜಾಕ್‌ಗಳ ಮೇಲೆ ನಿಂತು ಅಲುಗಾಡುವ ಲೆವೆಲ್ ಡಿ ಅನ್ನುವ ಅತಿ ಮೇಲಿನ ದರ್ಜೆಯ ಯಂತ್ರ ಚಿಕ್ಕಪ್ಪ. ಅಲ್ಲಿಗೆ ಹೋಗುವವರಿಗೆ ಆಗಲೇ ಹಾರಿಸಲು ಬರುತ್ತದೆ. ಮೋಡದೊಳಗೆ ಹೋದಾಗ ವಿಮಾನ ನೆಟ್ಟಗಿದ್ದರೂ ಒಳಗಿವಿ "ವಾಲಿದೆ, ವಾಲಿದೆ" ಅನ್ನುತ್ತದೆ. ಅದನ್ನು ನಂಬದೆ ಮೀಟರ್ ನಂಬಬೇಕು. ಮನೆಯ ಕುರ್ಚಿ ಯಾವತ್ತೂ ಹಾಗೆ ಸುಳ್ಳು ಹೇಳಲ್ಲ. ಅದೇ ನನಗೆ ಭಯ. ಹುಡುಗ ಎಲ್ಲಾ ಬರುತ್ತದೆ ಅಂದುಕೊಂಡು ಹೋಗಬಾರದು.

*ಆದಿ:* ಸರಿ ಅಕ್ಕ. ಈಗ ಏನು ತಗೊಳ್ಳಲಿ?

*ಮೇಘಾ:* ಮೊದಲು ರಡ್ಡರ್ ಪೆಡಲ್, ಅಂದರೆ ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಕಾಲಿನ ಪೆಡಲ್. ಆ ಕೆಲಸವನ್ನು ಸಾಫ್ಟ್‌ವೇರೇ ಮಾಡುವ ಆಟೊ-ರಡ್ಡರ್ ಆಫ್ ಮಾಡಿ ಟೇಕಾಫ್ ಮಾಡು. ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಿ ನೆಟ್ಟಗೆ ಇಡು. ಭಾನುವಾರ ಬಂದು ನೋಡುತ್ತೇನೆ.

*ಶ್ರೀಧರ ಚಿಕ್ಕಪ್ಪ:* ಪೆಡಲ್ ಮಾತ್ರ ತರಿಸುತ್ತೇನೆ. ಉಳಿದದ್ದು ಅವನ ಹಾರಾಟದ ಗಂಟೆಗೆ ಇಡೋಣ.