ಹೋಟೆಲ್ ಕ್ಯಾಲಿಫೋರ್ನಿಯಾ ಸಾಹಿತ್ಯ: ಸೈತಾನನೋ, ಕೊಕೇನೋ, ಬೇರೇನೋ?

ಅರೆಗಿವಿ:
ಈಗಲ್ಸ್ ತಂಡದ ಈ ಹಾಡಿಗೆ ಸಾಲುಸಾಲಾಗಿ ಕನ್ನಡದಲ್ಲಿ ಅರ್ಥ ಬರೀತಾ ಇದೀನಿ, ನಾಲ್ಕು ಕಡೆ ಗಾಡಿ ನಿಂತಿದೆ. ಮೊದಲ ಚರಣದಲ್ಲಿ ಗಾಳಿಯಲ್ಲಿ ತೇಲಿಬರೋ ‘ಕೊಲಿಟಾಸ್’ ವಾಸನೆ ಯಾವುದರದ್ದು? ವೈನ್ ಕೇಳಿದವನಿಗೆ ಆ ‘ಸ್ಪಿರಿಟ್’ 1969ರಿಂದ ಇಲ್ಲ ಅಂತಾರೆ, ಆದರೆ ವೈನ್ ಸ್ಪಿರಿಟ್ ಅಲ್ವಲ್ಲ? ಚೂರಿಗಳು ‘ಸ್ಟೀಲಿ’ ಯಾಕೆ? ಕೈದಿಗಳ ಸಾಲಿನ ‘ಡಿವೈಸ್’ಗೆ ಉಪಕರಣ ಅಂತ ಬರೆದರೆ ಕೂರ್ತಾನೇ ಇಲ್ಲ. ಇನ್ನು ಇಡೀ ಹಾಡು ಸೈತಾನನ ಚರ್ಚ್ ಅಂತ ಒಬ್ಬರು, ಹುಚ್ಚಾಸ್ಪತ್ರೆ ಅಂತ ಇನ್ನೊಬ್ಬರು, ಕೊಕೇನ್ ಅಂತ ಮತ್ತೊಬ್ಬರು. ಯಾವುದನ್ನ ಹಿಡೀಲಿ?

ಚರಣದಾಸ:
ಡಿವೈಸ್‌ನಿಂದ ಶುರು ಮಾಡೋಣ, ಬೀಗದಕೈ ಇರುವುದೇ ಅಲ್ಲಿ. ಇದು ಯಂತ್ರವಲ್ಲ. ಹಳೆಯ ಇಂಗ್ಲಿಷಿನಲ್ಲಿ ಹೂಟ, ಹಂಚಿಕೆ ಅಂತ ಅರ್ಥ. ತಾವೇ ಹೂಡಿದ ಹೂಟದಲ್ಲಿ ತಾವೇ ಸೆರೆ. ನಮ್ಮ ‘ಸ್ವಯಂಕೃತಾಪರಾಧ’ ಅನ್ನೋ ಮಾತಿಗೆ ಹತ್ತಿರ. ಆಮೇಲೆ ಆ ಮಾತು ಯಾರ ಬಾಯಲ್ಲಿದೆ ಗಮನಿಸಿ. ನಿರೂಪಕನದಲ್ಲ, ಬಾಗಿಲಲ್ಲಿ ನಿಂತು ಅವನನ್ನು ಒಳಗೆ ಕರೆದುಕೊಂಡ ಹೆಂಗಸಿನದು. ಕರೆದವಳೇ ತಾನೂ ಕೈದಿ ಅಂತ ಒಪ್ಪಿಕೊಂಡ ಮೇಲೆ ಇದು ಮಾಟಗಾತಿ ಬಲೆ ಬೀಸಿದ ಕಥೆಯಾಗಿ ಉಳಿಯಲ್ಲ. ಕೊನೆಗೆ ಬರುವ ರಾತ್ರಿ ಕಾವಲಿನವನೂ ಬಾಗಿಲಿಗೆ ಅಗಳಿ ಹಾಕುವುದಿಲ್ಲ, ವಿಷಯ ತಿಳಿಸುತ್ತಾನೆ ಅಷ್ಟೆ.

ಹಾಗಾಗಿ ಅರ್ಥ ಬರೆಯುವ ಮುಂಚೆ ಪ್ರತಿ ಸಾಲಿನ ಪಕ್ಕ ಮಾತಾಡುವವರು ಯಾರು ಅಂತ ಗುರುತು ಹಾಕಿ: ನಿರೂಪಕ, ಆ ಹೆಂಗಸು, ವೈನ್ ಕೇಳಿದಾಗ ಉತ್ತರ ಕೊಡುವ ಕ್ಯಾಪ್ಟನ್, ಕಾವಲಿನವನು, ಮತ್ತೆ ಪಡಸಾಲೆಯಿಂದ ಕೇಳುವ ದನಿಗಳು. ಐದನ್ನೂ ಒಬ್ಬನ ಬಾಯಿಗೆ ಹಾಕುವುದರಿಂದಲೇ ಮುಕ್ಕಾಲುಪಾಲು ವ್ಯಾಖ್ಯಾನಗಳು ಹಳಿ ತಪ್ಪೋದು.

ಸ್ಪಿರಿಟ್ ವಿಚಾರ: ನೀವು ಹೇಳಿದ್ದು ಸರಿ, ವೈನ್ ಹುದುಗಿಸಿದ್ದು, ಸ್ಪಿರಿಟ್ ಬಟ್ಟಿ ಇಳಿಸಿದ್ದು. ಸಾಹಿತ್ಯ ಬರೆದವರಲ್ಲಿ ಒಬ್ಬರಾದ ಡಾನ್ ಹೆನ್ಲಿಗೆ ಇದೇ ತಕರಾರು ಎದುರಾದಾಗ, ಆ ಸಾಲು ಮದ್ಯದ ಬಗ್ಗೆ ಅಲ್ಲವೇ ಅಲ್ಲ ಅಂದಿದ್ದರು. ಅದು ಕಾಲದ ಮೇಲಿನ ಮಾತು. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವ ನಡೆಯಿತು. ಅದೇ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಛೇರಿಯಲ್ಲಿ ವೇದಿಕೆ ಮುಂದೆಯೇ ಕೊಲೆಯಾಯಿತು. ಈ ಆಲ್ಬಂ ಬಂದದ್ದು 1976ರ ಡಿಸೆಂಬರ್‌ನಲ್ಲಿ. ಏಳು ವರ್ಷದಲ್ಲಿ ರಾಕ್ ಸಂಗೀತದ ಕೈಗೆ ದುಡ್ಡು ಬಂತು, ಕಸುವು ಹೋಯಿತು. ಎರಡೂ ಅರ್ಥ ಹೊರುವ ಕನ್ನಡ ಪದ ಬೇಕಿದ್ದರೆ ‘ಅಮಲು’ ಹಾಕಿ. ಸ್ವಲ್ಪ ಕೆಟ್ಟ ನೆರಳು ಬೀಳುತ್ತೆ, ಆದರೂ ‘ಚೈತನ್ಯ’ಕ್ಕಿಂತ ವಾಸಿ.

ಸ್ಟೀಲಿ ಅನ್ನೋದು ಗೆಳೆಯರ ನಡುವಿನ ಚೇಷ್ಟೆ. ಸ್ಟೀಲಿ ಡಾನ್ ತಂಡ 1976ರಲ್ಲೇ ತಮ್ಮ ಒಂದು ಹಾಡಿನಲ್ಲಿ ಈಗಲ್ಸ್ ಹೆಸರು ಎಳೆದಿತ್ತು, ಇದು ಅದಕ್ಕೆ ಮರುಚಿವುಟು. ಅದರಲ್ಲಿ ಗೂಢಾರ್ಥ ಅಗೆಯಬೇಡಿ. ಚೂರಿಗಳಿಂದ ಇರಿದರೂ ಮೃಗ ಸಾಯಲಿಲ್ಲ ಅನ್ನುವುದಷ್ಟೇ ಅಲ್ಲಿ ಮುಖ್ಯ. ಕೊಲಿಟಾಸ್ ಸ್ಪ್ಯಾನಿಷ್ ಪದ, ‘ಪುಟ್ಟ ಬಾಲಗಳು’ ಅಂತ. ಮೆಕ್ಸಿಕೋದ ಆಡುಮಾತಿನಲ್ಲಿ ಗಾಂಜಾ ಮೊಗ್ಗು. ಹಾಡಿಗೆ ರಾಗ ಹಾಕಿದ ಡಾನ್ ಫೆಲ್ಡರ್ ಅದನ್ನು ಮರುಭೂಮಿಯಲ್ಲಿ ರಾತ್ರಿ ಅರಳುವ ಗಿಡ ಅಂದಿದ್ದಾರೆ. ಪದವನ್ನು ಹಾಗೇ ಬಿಡಿ, ಮೂಗಿಗೆ ವಾಸನೆ ಬಡಿದ ಮೇಲೆ ತಲೆ ಭಾರವಾಗಿ ಕಣ್ಣು ಮಂಜಾಗುವ ಕ್ರಮ ಉಳಿದರೆ ಸಾಕು.

ನೀವು ಕೇಳದ ಒಂದು: ಮರ್ಸಿಡಿಸ್ ಪಕ್ಕದ ಪದ ‘ಬೆಂಜ್’ ಅಲ್ಲ, ‘ಬೆಂಡ್ಸ್’. ಕಾರೂ ಹೌದು, ದೇಹದ ತಿರುವೂ ಹೌದು, ಮುಳುಗುಗಾರರು ಸರ್ರನೆ ಮೇಲೆ ಬಂದಾಗ ಹಿಡಿಯುವ ಕಾಯಿಲೆಯೂ ಹೌದು.

ಏಳನೇಫ್ರೆಟ್:
ಪದ ಮಾತ್ರ ಹಿಡಿದರೆ ಅರ್ಧ ಕೈಬಿಡುತ್ತೆ ಗುರುಗಳೇ. ಚರಣದ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಎಂಟು: ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ಕೊನೆಯದು ಬಿ ಮೈನರ್‌ಗೆ ಎಳೆಯುವ ಕಾರ್ಡ್, ಅಂದರೆ ಸುತ್ತು ಮುಗಿದ ಜಾಗವೇ ಮೊದಲಿಗೆ ತಳ್ಳುತ್ತೆ. ಹೊರಬಾಗಿಲೇ ಇಲ್ಲ. ಪಲ್ಲವಿ ಮಾತ್ರ ಜಿ ಮೇಜರ್‌ನಲ್ಲಿ ತೆರೆದು ಡಿಗೆ ಹೋಗುತ್ತೆ, ಸ್ವಾಗತ ಹೇಳುವಾಗ ದೀಪ ಹಾಕಿದ ಹಾಗೆ. ಆದರೆ ಅದೂ ಕೊನೆಗೆ ನಿಲ್ಲೋದು ಎಫ್ ಶಾರ್ಪ್ ಮೇಲೆಯೇ.

ಇನ್ನೊಂದು ಎಣಿಸಿ ನೋಡಿ. ಎರಡು ಚರಣ, ಪಲ್ಲವಿ. ಎರಡು ಚರಣ, ಪಲ್ಲವಿ. ಮತ್ತೆರಡು ಚರಣ... ಈಗ ಕಿವಿ ಪಲ್ಲವಿ ಕೇಳುತ್ತೆ, ಬರೋದಿಲ್ಲ. 4 ನಿಮಿಷ 20 ಸೆಕೆಂಡ್ ಆಸುಪಾಸಿನಲ್ಲಿ ಗಿಟಾರ್ ನುಗ್ಗುತ್ತೆ. ಹೊರಗೆ ಹೋಗಲಾಗದು ಅಂತ ತಿಳಿದ ಮೇಲೆ ಸ್ವಾಗತ ಯಾರಿಗೆ ಬೇಕು? ತಂಡದ ಗಿಟಾರ್ ವಾದಕರಾದ ಫೆಲ್ಡರ್ ಮತ್ತು ಜೋ ವಾಲ್ಷ್ ಎರಡು ನಿಮಿಷ ಅದೇ ಎಂಟು ಕಾರ್ಡ್‌ಗಳ ಮೇಲೆ ಸುತ್ತುತ್ತಾರೆ, 6 ನಿಮಿಷ 30 ಸೆಕೆಂಡ್‌ಗೆ ದನಿ ಕರಗಿಹೋಗುತ್ತೆ. ಮುಕ್ತಾಯವಿಲ್ಲ. ನುಡಿಸಿ ಪರೀಕ್ಷಿಸೋರು ಗಿಟಾರಿನ ಏಳನೇ ಫ್ರೆಟ್‌ಗೆ (ಮನೆಗೆ) ಕ್ಯಾಪೋ, ಅಂದರೆ ತಂತಿಗಳನ್ನು ಒತ್ತಿಹಿಡಿಯುವ ಹಿಡಿಕೆ ಹಾಕಿ ಇ ಮೈನರ್ ಹಿಡಿತಗಳಲ್ಲಿ ನುಡಿಸಿ. ಫೆಲ್ಡರ್ ಮೊದಲು ಕಟ್ಟಿದ್ದು ಇ ಮೈನರ್‌ನಲ್ಲೇ, ಹೆನ್ಲಿ ಗಂಟಲಿಗೆ ಹೊಂದಲಿಲ್ಲ ಅಂತ ಬಿ ಮೈನರ್‌ಗೆ ಬಂತು.

ಅರೆಗಿವಿ:
ಪಲ್ಲವಿ ಕಾಣೆಯಾಗಿದ್ದು ಗಮನಿಸಿಯೇ ಇರಲಿಲ್ಲ! ಹಾಗಾದರೆ ಆಸ್ಪತ್ರೆ, ಚರ್ಚ್ ಎರಡೂ ಸುಳ್ಳಾ?

ಸಾಲುಲೆಕ್ಕಿಗ:
ಚರ್ಚ್ ಕಥೆ ಹುಟ್ಟಿದ್ದು ಆಲ್ಬಂ ಒಳಗಿನ ಚಿತ್ರದಲ್ಲಿ ಉಪ್ಪರಿಗೆ ಮೇಲೆ ಕಾಣುವ ಮಸುಕು ಆಕೃತಿಯಿಂದ, ಅದು ಸೈತಾನನ ಚರ್ಚಿನ ಸ್ಥಾಪಕ ಅಂತ ಜನ ಅಂದುಕೊಂಡರು. ಹೊದಿಕೆಯ ಕಟ್ಟಡ ಬೆವರ್ಲಿ ಹಿಲ್ಸ್ ಹೋಟೆಲ್, ಮುಸ್ಸಂಜೆಯಲ್ಲಿ ತೆಗೆದದ್ದು. ಯಾವ ಸಿದ್ಧಾಂತ ಬಂದರೂ ಒಂದೇ ಪರೀಕ್ಷೆ ಸಾಕು: ಎಷ್ಟು ಸಾಲು ಕೆಲಸವಿಲ್ಲದೆ ಕೂರುತ್ತವೆ? ಆಸ್ಪತ್ರೆ ಅಂದರೆ ಟಿಫಾನಿ ಒಡವೆ, ಮರ್ಸಿಡಿಸ್, ಷಾಂಪೇನ್ ಮೂರೂ ಬೇಕಾರು. ಕೊಕೇನ್ ಅಂದರೆ 1969 ಬೇಕಾರು. ಲಾಸ್ ಏಂಜಲೀಸ್‌ನ ಸಿರಿವಂತಿಕೆ, ಅದರ ಅತಿ, ಅದರಲ್ಲಿ ಸಿಕ್ಕಿಕೊಂಡ ಸಂಗೀತಗಾರರು ಅಂತ ಓದಿದರೆ ಎಲ್ಲಕ್ಕೂ ಕೆಲಸ ಸಿಗುತ್ತೆ, ಕೊಕೇನೂ ಅದರೊಳಗೇ ಒಂದು ಕೋಣೆ. ಹೆನ್ಲಿ ಹೇಳಿದ್ದೂ ಅಮೆರಿಕನ್ ಕನಸಿನ ಕತ್ತಲ ಮಗ್ಗುಲು ಅಂತಲೇ. ಆದರೆ ಬರೆದವರು ಹೇಳಿದರು ಅಂತ ಒಪ್ಪಬೇಡಿ, ಸಾಲುಗಳು ಒಪ್ಪುತ್ತವೆ ಅಂತ ಒಪ್ಪಿ.

ಅರೆಗಿವಿ:
ಯಾವಾಗ ಬೇಕಾದರೂ ಚೆಕ್‌ಔಟ್ ಮಾಡಬಹುದು, ಹೊರಗೆ ಮಾತ್ರ ಹೋಗಲಾಗದು ಅನ್ನೋ ಕೊನೇ ಸಾಲಿನ ‘ಚೆಕ್‌ಔಟ್’ ಹಾಗೇ ಇಡಲಾ?

ಚರಣದಾಸ:
ಬೇಡ. ಅಮೆರಿಕದ ಆಡುಮಾತಿನಲ್ಲಿ ಅದಕ್ಕೆ ಸಾಯುವುದು ಅಂತಲೂ ಅರ್ಥ ಇದೆ. ‘ಲೆಕ್ಕ ಮುಗಿಸು’ ಅಂತ ಹಾಕಿ ನೋಡಿ. ಗಲ್ಲಾಪೆಟ್ಟಿಗೆಗೂ ಆಯಿತು, ಚಟ್ಟಕ್ಕೂ ಆಯಿತು.