ಒಂದೇ ಬಣ್ಣದ ವಿಮಾನ, ಎರಡು ಸೀನಿಯಾರಿಟಿ ಪಟ್ಟಿ: ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳುತ್ತಿರುವವರು: ಫಸ್ಟ್ ಆಫೀಸರ್, ಷಿಕಾಗೊ

ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಮದುವೆಯಾದ ಮೇಲೆ ಅಮೆರಿಕಕ್ಕೆ ಬಂದು ಇಲ್ಲೇ ಟ್ರೈನಿಂಗ್ ಮುಗಿಸಿದೆ. ಎರಡು ವರ್ಷದಿಂದ ಒಂದು ರೀಜನಲ್ ಏರ್‌ಲೈನ್‌ನಲ್ಲಿ (ದೊಡ್ಡ ಏರ್‌ಲೈನಿಗೆ ಗುತ್ತಿಗೆಯಲ್ಲಿ ಹಾರಿಸುವ ಕಂಪನಿ) ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಹಾರಿಸುವುದು 76 ಸೀಟಿನ ಎಂಬ್ರೇಯರ್ 175. ವಿಮಾನದ ಬಣ್ಣ, ಟಿಕೆಟ್ಟಿನ ಹೆಸರು ದೊಡ್ಡ ಏರ್‌ಲೈನಿನದು, ಸಂಬಳದ ಚೀಟಿ ನಮ್ಮ ಕಂಪನಿಯದು. ಆ ದೊಡ್ಡ ಏರ್‌ಲೈನಿನ ಪೈಲಟ್‌ಗಳ ಒಪ್ಪಂದದ ಮಾತುಕತೆ ಹತ್ತಿರ ಬಂದಿದೆ. 'ಈ ಸಲ ಸ್ಕೋಪ್, ಅಂದರೆ ಹೊರಗುತ್ತಿಗೆಯ ಮಿತಿ, ಸಡಿಲವಾದರೆ ನಮಗೆ ಇನ್ನೂ ದೊಡ್ಡ ವಿಮಾನ ಬರುತ್ತೆ' ಅಂತ ನಮ್ಮ ಕ್ರೂ ರೂಮಿನಲ್ಲಿ ದಿನಾ ಇದೇ ಮಾತು.

ನನ್ನ ಹೆಂಡತಿಯ ಅಣ್ಣ ಅದೇ ದೊಡ್ಡ ಏರ್‌ಲೈನ್‌ನಲ್ಲಿ ಪೈಲಟ್. ದೀಪಾವಳಿ ಊಟಕ್ಕೆ ಕೂತಾಗ ಈ ವಿಷಯ ಬಂತು. 'ನಿಮಗೆ ಬರೋ ಒಂದೊಂದು ವಿಮಾನವೂ ನಮ್ಮಲ್ಲಿ ಒಬ್ಬ ಹುಡುಗನ ಕೆಲಸ' ಅಂದರು. ನಾನೂ ಸುಮ್ಮನಿರಲಿಲ್ಲ. ಅಲ್ಲಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆ. ಅವರು ಹೇಳಿದ್ದು ಸರಿಯಾ? ಇಲ್ಲೇ ಇದ್ದು ಕ್ಯಾಪ್ಟನ್ ಆಗಲಾ, ಸರದಿಯಂತೆ ದೊಡ್ಡ ಏರ್‌ಲೈನಿಗೆ ಹೋಗಬಹುದು ಅನ್ನುವ ಫ್ಲೋ ಒಪ್ಪಂದ ನಂಬಿಕೊಂಡು ಕಾಯಲಾ? ಇದನ್ನು ಕಂಡು ಉಂಡವರು ಹೇಳಿ.

ನಿವೃತ್ತ ರೀಜನಲ್ ಕ್ಯಾಪ್ಟನ್, ಒಹಾಯೊ

ತಮ್ಮಾ, ನಾನು ರೀಜನಲ್‌ನಲ್ಲೇ ಕೂದಲು ಬೆಳ್ಳಗಾದವನು. ನನ್ನ ಮಾತಿನಲ್ಲಿ ನಮ್ಮವರ ಕಡೆಗೆ ಕರುಳು ಸ್ವಲ್ಪ ಹೆಚ್ಚೇ ಮಿಡಿಯುತ್ತದೆ. ಆದರೂ ನಿನ್ನ ಭಾವ ಹೇಳಿದ್ದು ಸುಳ್ಳಲ್ಲ.

ಗೊತ್ತಿಲ್ಲದವರಿಗಾಗಿ ಮೊದಲು ಇಷ್ಟು. ದೊಡ್ಡ ಏರ್‌ಲೈನಿನ ಪೈಲಟ್ ಒಪ್ಪಂದದ ಮೊದಲ ಅಧ್ಯಾಯವೇ ಸ್ಕೋಪ್. ಕಂಪನಿ ತನ್ನ ಹಾರಾಟದಲ್ಲಿ ಎಷ್ಟನ್ನು, ಎಂಥ ವಿಮಾನದಲ್ಲಿ ಹೊರಗಿನವರಿಗೆ ಗುತ್ತಿಗೆ ಕೊಡಬಹುದು ಅಂತ ಅಲ್ಲಿ ಬರೆದಿರುತ್ತದೆ. ಅಮೆರಿಕನ್, ಡೆಲ್ಟಾ, ಯುನೈಟೆಡ್ ಮೂರರಲ್ಲೂ ಗೆರೆ ಇರುವುದು 76 ಸೀಟಿಗೆ, 86,000 ಪೌಂಡ್ ತೂಕಕ್ಕೆ. ಅದನ್ನು ದಾಟಿದ ವಿಮಾನವನ್ನು ಅವರವರ ಪೈಲಟ್‌ಗಳೇ ಹಾರಿಸಬೇಕು. ಈ ಗೆರೆ ಎಷ್ಟು ಗಟ್ಟಿ ಅಂದರೆ, ಎಂಬ್ರೇಯರ್‌ನವರ ಹೊಸ 175-ಇ2 ಆ ತೂಕ ಮೀರಿದ್ದಕ್ಕೆ ಇಲ್ಲಿನ ರೀಜನಲ್‌ಗಳಿಗೆ ಬರಲೇ ಇಲ್ಲ. ಯುನೈಟೆಡ್ 2019ರಲ್ಲಿ 70 ಸೀಟು ಹಿಡಿಯುವ ಸಿಆರ್‌ಜೆ 700ರಲ್ಲಿ 50 ಸೀಟು ಮಾತ್ರ ಉಳಿಸಿ ಸಿಆರ್‌ಜೆ 550 ಅಂತ ಹಾರಿಸಿದ್ದೂ ಎಂಥ ವಿಮಾನ ಎಷ್ಟು ಅನ್ನುವ ಇದೇ ಲೆಕ್ಕಾಚಾರದಿಂದ.

ಈಗ ಕೋಮೇರ್ ಕಥೆ ಕೇಳು. ಅದು ನನ್ನ ಕಂಪನಿಯಲ್ಲ, ಆದರೆ ನನ್ನ ಗೆಳೆಯರು ಅಲ್ಲಿದ್ದರು. ಸಿನ್ಸಿನಾಟಿಯ ಆ ರೀಜನಲ್ ಕಂಪನಿಯನ್ನು ಕೊಳ್ಳುವುದಾಗಿ ಡೆಲ್ಟಾ 1999ರಲ್ಲಿ ಹೇಳಿತು. ಯಜಮಾನ ಒಬ್ಬನೇ ಆದ ಮೇಲೆ ಸೀನಿಯಾರಿಟಿ ಪಟ್ಟಿಯೂ ಒಂದೇ ಆಗಲಿ ಅಂತ ಕೋಮೇರ್ ಪೈಲಟ್‌ಗಳು ಕೇಳಿದರು. ಎರಡೂ ಕಡೆಯವರ ಯೂನಿಯನ್ ಒಂದೇ, ಆಲ್ಪಾ. ಆಲ್ಪಾ ಒಪ್ಪಲಿಲ್ಲ. ಒಪ್ಪಿದ್ದರೆ ಡೆಲ್ಟಾದ ಕಿರಿಯ ಪೈಲಟ್‌ಗಳ ಮೇಲೆ ಕೋಮೇರ್‌ನ ಹಳಬರು ಬಂದು ಕೂರುತ್ತಾರೇನೋ ಅನ್ನುವ ಭಯ. ಭಯಕ್ಕೆ ಕಾರಣವೂ ಇತ್ತು. ಈ ವೃತ್ತಿಯಲ್ಲಿ ಮನೆಗೆ ಯಾವಾಗ ಹೋಗುತ್ತೀಯ, ಯಾವ ವಿಮಾನ ಹಾರಿಸುತ್ತೀಯ, ಕೆಲಸ ಉಳಿಯುತ್ತಾ ಹೋಗುತ್ತಾ, ಎಲ್ಲವೂ ಆ ಒಂದು ನಂಬರಿನ ಮೇಲೆ. ಕಂಪನಿ ಬದಲಿಸಿದರೆ ಇಪ್ಪತ್ತು ವರ್ಷ ಹಾರಿಸಿದವನೂ ಪಟ್ಟಿಯ ಕೊನೆಗೆ ಹೋಗುತ್ತಾನೆ.

2001ರ ಮಾರ್ಚ್ 26ರಂದು ಕೋಮೇರ್ ಪೈಲಟ್‌ಗಳು ಮುಷ್ಕರಕ್ಕೆ ಇಳಿದರು. 89 ದಿನ. ಹೆಂಡತಿ ಮಕ್ಕಳ ಜೊತೆ ಫಲಕ ಹಿಡಿದು ನಿಂತಿದ್ದವರಿಗೆ ನಾನೇ ಕಾಫಿ ಒಯ್ದು ಕೊಟ್ಟಿದ್ದೇನೆ. ಒಪ್ಪಂದ ಚೆನ್ನಾಗಿಯೇ ಆಯಿತು. ಅದೇ ವರ್ಷ ಒಂದಷ್ಟು ಜನ ಸ್ವಂತ ಯೂನಿಯನ್ ಮೇಲೆಯೇ ಕೋರ್ಟಿಗೆ ಹೋದರು. ನಮ್ಮಿಂದ ಚಂದಾ ತೆಗೆದುಕೊಂಡು, ನಾವು ಹಾರಿಸುವ ವಿಮಾನಕ್ಕೇ ಮಿತಿ ಹಾಕುವ ಒಪ್ಪಂದಕ್ಕೆ ಸಹಿ ಹಾಕುತ್ತೀರಲ್ಲ ಅನ್ನುವುದು ಅವರ ಸಂಕಟ. ಸಾಲಿನಲ್ಲಿ ಒಟ್ಟಿಗೆ ಕೂರಿಸಿ ಎಲೆಗೆ ಬೇರೆ ಬೇರೆ ಬಡಿಸಿದ ಹಾಗಾಯಿತು ಅವರಿಗೆ. ಮುಂದೆ ವಿಮಾನಗಳು ಕಡಿಮೆಯಾಗುತ್ತ ಹೋದವು. ಖರ್ಚು ಹೆಚ್ಚು, 50 ಸೀಟಿನ ವಿಮಾನಗಳಿಗೆ ವಯಸ್ಸಾಯಿತು ಅಂತ ಹೇಳಿ 2012ರ ಸೆಪ್ಟೆಂಬರ್ ಕೊನೆಗೆ ಕೋಮೇರ್ ಮುಚ್ಚಿದರು.

ಇದರಲ್ಲಿ ನೀನು ನೋಡಬೇಕಾದದ್ದು ಕೆಲಸ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು. ಹತ್ತು ವರ್ಷ ನಿಷ್ಠೆಯಿಂದ ಹಾರಿಸಿದ ರೀಜನಲ್ ಪೈಲಟ್ ಸಂಬಳದಲ್ಲಿ ದುಬಾರಿಯಾಗುತ್ತಾನೆ. ಗುತ್ತಿಗೆ ನವೀಕರಣಕ್ಕೆ ಬಂದಾಗ ಅವನ ಹಾರಾಟವನ್ನು ಹೊಸ ಹುಡುಗರಿರುವ ಇನ್ನೊಂದು ರೀಜನಲ್‌ಗೆ ಕೊಡುತ್ತಾರೆ. ಆ ಹುಡುಗರಿಗೂ ವಯಸ್ಸಾಗುತ್ತದಲ್ಲ. ದೊಡ್ಡ ವಿಮಾನ ಬಂದರೆ ನಿನಗೆ ಐದು ವರ್ಷ ಹಬ್ಬ ಇರಬಹುದು, ಆರನೇ ವರ್ಷ ಅದೇ ವಿಮಾನವನ್ನು ನಿನಗಿಂತ ಕಡಿಮೆಗೆ ಹಾರಿಸುವವನು ಸಿಗುತ್ತಾನೆ. ನಮ್ಮ ಸಂಬಳ ನಿಜವಾಗಿ ಜಿಗಿದದ್ದು 2022ರಲ್ಲಿ. ಅಮೆರಿಕನ್ ಏರ್‌ಲೈನ್ಸ್ ತನ್ನದೇ ರೀಜನಲ್‌ಗಳಲ್ಲಿ ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಕೊಡುವ ಹಾಗಾಯಿತು. ಆಗ 76ರ ಗೆರೆ ಒಂದಿಂಚೂ ಕದಲಿರಲಿಲ್ಲ, ಪೈಲಟ್‌ಗಳು ಸಿಗುತ್ತಿರಲಿಲ್ಲ ಅಷ್ಟೆ.

ಇನ್ನೊಂದು ಮಾತು, ಇದನ್ನು ಹೇಳದೆ ಇರಲಾರೆ. 2009ರ ಫೆಬ್ರವರಿ 12ರ ರಾತ್ರಿ ಬಫಲೋ ಹತ್ತಿರ ಕೋಲ್ಗನ್ ಅನ್ನುವ ರೀಜನಲ್ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಪ್ರಯಾಣಿಕರ ಟಿಕೆಟ್ಟಿನಲ್ಲಿದ್ದದ್ದು ದೊಡ್ಡ ಏರ್‌ಲೈನ್ ಕಾಂಟಿನೆಂಟಲ್ ಹೆಸರು. ಎಷ್ಟೋ ರೀಜನಲ್‌ಗಳಲ್ಲಿ ಫಸ್ಟ್ ಆಫೀಸರ್‌ಗಳು ವರ್ಷಕ್ಕೆ 20,000 ಡಾಲರ್ ಆಸುಪಾಸಿನಲ್ಲಿ ಬದುಕುತ್ತಿದ್ದ ಕಾಲ ಅದು. ತೀರಿಕೊಂಡವರ ಮನೆಯವರು ಪಟ್ಟು ಹಿಡಿದದ್ದರಿಂದ 2010ರಲ್ಲಿ ಕಾನೂನು ಬಂತು, 2013ರಿಂದ ಫಸ್ಟ್ ಆಫೀಸರ್‌ಗೂ 1,500 ಗಂಟೆ ಹಾರಾಟದ ಅನುಭವ ಬೇಕೆನ್ನುವ ನಿಯಮ. ಅಗ್ಗದ ಗುತ್ತಿಗೆಯ ವಿಷಯ ಪೈಲಟ್‌ಗಳ ದಾಯಾದಿ ಜಗಳ ಅಷ್ಟೇ ಅಂತ ಯಾರಾದರೂ ಅಂದರೆ ನನಗೆ ಆ ರಾತ್ರಿ ನೆನಪಾಗುತ್ತದೆ.

ಮೇನ್‌ಲೈನ್ (ದೊಡ್ಡ ಏರ್‌ಲೈನ್) ಕ್ಯಾಪ್ಟನ್, ಹುಬ್ಬಳ್ಳಿಯವರು

ನಾ ನಿಮ್ಮ ಭಾವನ ಕಡೆಯವ ರೀ. ಆದರ ಇನ್ನೊಂದು ದಡಾನೂ ಕಂಡೇನಿ, ಅದಕ್ಕ ಬರೀಲಿಕ್ಹತ್ತೇನಿ.

ಸೆಪ್ಟೆಂಬರ್ 11ರ ದಾಳಿಯ ನಂತರ ಸಾವಿರಾರು ಪೈಲಟ್‌ಗಳನ್ನು ಫರ್ಲೋ ಮಾಡಿದರು, ಅಂದರೆ ಮತ್ತೆ ಕರೆಯುವವರೆಗೆ ಕೆಲಸದಿಂದ ಇಳಿಸಿದರು. ನಾನೂ ಅದರಲ್ಲಿ ಒಬ್ಬ. ಆದರೆ ನಮ್ಮ ಕಂಪನಿಗೂ ಅದರ ರೀಜನಲ್‌ಗೂ ಒಂದು ಒಪ್ಪಂದವಿತ್ತು: ಕೆಳಗಿನವರು ಸರದಿಯಂತೆ ಮೇಲೆ ಬರಬಹುದು, ಮೇಲೆ ಕೆಲಸ ಹೋದವರು ಕೆಳಗೆ ಹೋಗಿ ಕ್ಯಾಪ್ಟನ್ ಸೀಟು ಹಿಡಿಯಬಹುದು. ನಾನು ಹೋದೆ. ಮನೆ ಸಾಲ ಇತ್ತು, ಎರಡನೇ ಮಗು ಹುಟ್ಟಿ ಮೂರು ತಿಂಗಳು.

ಮೊದಲ ಟ್ರಿಪ್ಪು ನಾಲ್ಕು ದಿನದ್ದು. ನನ್ನ ಬಲಕ್ಕೆ ಕೂತ ಫಸ್ಟ್ ಆಫೀಸರ್ ಹಿಂದಿನ ತಿಂಗಳವರೆಗೆ ಅದೇ ವಿಮಾನದ ಕ್ಯಾಪ್ಟನ್. ನಮ್ಮಂಥವರು ಬಂದದ್ದರಿಂದ ಭುಜದ ಮೇಲಿನ ಕ್ಯಾಪ್ಟನ್‌ನ ನಾಲ್ಕು ಪಟ್ಟಿ ತೆಗೆದು ಮೂರು ಪಟ್ಟಿ ಹಾಕಿಕೊಂಡಿದ್ದ. ಎರಡು ದಿನ ಚೆಕ್‌ಲಿಸ್ಟ್ ಬಿಟ್ಟರೆ ಒಂದು ಮಾತಿಲ್ಲ. ಬೇರೆ ಮೇಜಿನಲ್ಲಿ ಊಟ, ಹೋಟೆಲ್ ವ್ಯಾನಿನಲ್ಲಿ ಬೇರೆ ಸಾಲು. ಮೂರನೇ ರಾತ್ರಿ ಹಿಮ ಸುರಿಯುತ್ತಿದ್ದ ಒಂದು ಸಣ್ಣ ಏರ್‌ಪೋರ್ಟಿಗೆ ಇಳಿಯುತ್ತಿದ್ದೆವು. ಆ ವಿಮಾನ ನನಗೆ ಹೊಸದು. ಅವನು ಶಾಂತವಾಗಿ, 'ಈ ರನ್‌ವೇಯ ಕೊನೆಯ ಭಾಗ ಜಾರುತ್ತೆ, ಬೇಗ ನಿಲ್ಲಿಸೋಣ' ಅಂದ. ನಿಲ್ಲಿಸಿದೆವು. ಗೇಟಿನಲ್ಲಿ ವಿಮಾನ ನಿಲ್ಲಿಸಿದ ಮೇಲೆ ಅವನಿಗೆ ನಮಸ್ಕಾರ ಹೇಳಿದೆ. 'ನಿನ್ನ ಮೇಲೆ ಸಿಟ್ಟಿಲ್ಲ, ಆದರೆ ಸಿಟ್ಟು ತೀರಿಸಿಕೊಳ್ಳಲು ಬೇರೆ ಯಾರೂ ಕಣ್ಣೆದುರು ಸಿಗುತ್ತಿಲ್ಲ' ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಮೂರು ವರ್ಷದ ನಂತರ ನನ್ನನ್ನು ವಾಪಸ್ ಕರೆದರು. ಅವನು ಹಾರಾಟವನ್ನೇ ಬಿಟ್ಟ ಅಂತ ಆಮೇಲೆ ಕೇಳಿದೆ. ಇವತ್ತಿಗೂ ಆ ಸೀಟಿನ ಋಣ ನನ್ನ ಮೇಲಿದೆ ಅನ್ನಿಸುತ್ತದೆ.

ಹಾಗಾಗಿ ನಮ್ಮ ಕಡೆಯವರಿಗೆ ನಾನು ಹೇಳುವುದು: ಸ್ಕೋಪ್ ಬಿಡಬೇಡಿ, ಆದರೆ ರೀಜನಲ್ ಹುಡುಗ ಜಂಪ್‌ಸೀಟ್ (ಕಾಕ್‌ಪಿಟ್ಟಿನ ಹೆಚ್ಚುವರಿ ಸೀಟು) ಕೇಳಿಕೊಂಡು ಬಾಗಿಲಿಗೆ ಬಂದಾಗ ಮುಖ ತಿರುಗಿಸಬೇಡಿ. ನಿಮಗೆ ಹೇಳುವುದು: ಫ್ಲೋ ಒಪ್ಪಂದವನ್ನು ನೀವೇ ಅಕ್ಷರ ಅಕ್ಷರ ಓದಿ, ನೇಮಕಾತಿ ಸಭೆಯ ಮಾತು ನಂಬಬೇಡಿ. ಹೊರಗಿನ ಅರ್ಜಿಗಳನ್ನು ಚಾಲ್ತಿಯಲ್ಲಿ ಇಡಿ. ನಿಮ್ಮ ಕಂಪನಿಯ ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ ಅನ್ನುವುದು ಷೇರುದಾರರಿಗೆ ಕೊಡುವ ವಾರ್ಷಿಕ ವರದಿಯಲ್ಲಿ ಇರುತ್ತದೆ, ಹುಡುಕಿ.

ಪೈಲಟ್ ಒಬ್ಬರ ಹೆಂಡತಿ

ನನ್ನ ಗಂಡನ ರೀಜನಲ್ ಕಂಪನಿ 2020ರ ಏಪ್ರಿಲ್‌ನಲ್ಲಿ ಮುಚ್ಚಿತು. ಆರು ತಿಂಗಳ ಮನೆಖರ್ಚು ಕೈಯಲ್ಲಿ ಇಟ್ಟುಕೊಳ್ಳಿ. ಲಾಗ್‌ಬುಕ್ಕಿನ ಪ್ರತಿ ನಿಮ್ಮ ಹತ್ತಿರವೇ ಇರಲಿ, ಕಂಪನಿಯ ಕಂಪ್ಯೂಟರಿನಲ್ಲಿ ಇದೆ ಅಂತ ಬಿಡಬೇಡಿ. ಮತ್ತೆ, ಅಣ್ಣ-ಗಂಡನ ನಡುವೆ ನಿಂತಿರುವ ನಿಮ್ಮ ಹೆಂಡತಿಯನ್ನು ಒಮ್ಮೆ ಮಾತಾಡಿಸಿ.

ಪೈಲಟ್, ಬೆಂಗಳೂರು

ನಮ್ಮಲ್ಲಿ ಇದೇ ಬಿಸಿ ಬೇರೆ ರೂಪದಲ್ಲಿ. ಇಂಡಿಗೊ 2023ರಲ್ಲಿ ಟರ್ಕಿಷ್ ಏರ್‌ಲೈನ್ಸ್‌ನಿಂದ ಎರಡು ಬೋಯಿಂಗ್ 777, 2025ರಲ್ಲಿ ನಾರ್ವೆಯ ನಾರ್ಸ್ ಏರ್‌ಲೈನ್‌ನಿಂದ 787 ವಿಮಾನಗಳನ್ನು ಪೈಲಟ್‌ಗಳ ಸಮೇತ ಬಾಡಿಗೆಗೆ ತಂದಿತು. ಕಾಕ್‌ಪಿಟ್‌ನಲ್ಲಿ ಅವರ ಜನ, ಕ್ಯಾಬಿನ್‌ನಲ್ಲಿ ಇಲ್ಲಿಯವರಾದರೆ ಅದಕ್ಕೆ ಡ್ಯಾಂಪ್ ಲೀಸ್ ಅನ್ನುತ್ತೇವೆ. ಬೆಂಗಳೂರಿನವರಿಗೆ ಹೇಳುವುದಾದರೆ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸಿನ ಹಾಗೆ: ಡ್ರೈವರ್ ಖಾಸಗಿ ಕಂಪನಿಯವನು, ಕಂಡಕ್ಟರ್ ನಿಗಮದವರು. ದೊಡ್ಡ ವಿಮಾನ ತರಲು ವರ್ಷಗಳು ಬೇಕು, ಮಾರ್ಗ ಈಗಲೇ ಬೇಕು ಅನ್ನುವ ಕಂಪನಿಯ ವಾದ ನನಗೆ ಅರ್ಥವಾಗುತ್ತದೆ. ಆದರೆ ಎ320ರಲ್ಲಿ ಸಾವಿರಾರು ಗಂಟೆ ಹಾರಿಸಿ ದೊಡ್ಡ ವಿಮಾನಕ್ಕೆ ಕಾದಿರುವವನಿಗೆ ಆ ಕಾಕ್‌ಪಿಟ್ ಬಾಗಿಲು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಳಗೆ ಕೂತಿರುವ ವಿದೇಶಿ ಪೈಲಟ್ ಕೂಡ ತನ್ನ ಊರಿನಲ್ಲಿ ಕೆಲಸ ಸಾಲದೆ ಬಂದವನಿರಬಹುದು.

ನಿಮಗಿರುವಂಥ ಸ್ಕೋಪ್ ನಮಗೆ ಇಲ್ಲ. ಮಿತಿ ಹಾಕುವುದು ಸರ್ಕಾರದ ವಿಮಾನಯಾನ ನಿಯಂತ್ರಕ ಡಿಜಿಸಿಎ, ಅದೂ ಕೆಲವು ತಿಂಗಳ ಅನುಮತಿಯ ರೂಪದಲ್ಲಿ. ಟರ್ಕಿಷ್ ವಿಮಾನಗಳಿಗೆ 2025ರ ಆಗಸ್ಟ್ 31 ಕೊನೆ ಅಂದರು, ಆಮೇಲೆ ಮತ್ತೆ ವಿಸ್ತರಿಸಿದರು. ಬಿಟ್ಟು ಹೋಗೋಣ ಅಂದರೆ 2017ರಿಂದ ಫಸ್ಟ್ ಆಫೀಸರ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ ನೋಟಿಸ್. ನಿಮ್ಮ ಭಾವ ಕಾಪಾಡಿಕೊಳ್ಳುತ್ತಿರುವ ಆ ಮೊದಲ ಅಧ್ಯಾಯ ನಮ್ಮಲ್ಲಿ ಇದ್ದಿದ್ದರೆ ಅಂತ ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಕೇಳಿದವರು

ಎಲ್ಲರಿಗೂ ವಂದನೆ. ನಿನ್ನೆ ಭಾವನಿಗೆ ಫೋನ್ ಮಾಡಿದೆ. ಮೊದಲ ಹತ್ತು ನಿಮಿಷ ಮಳೆ, ಮಕ್ಕಳು, ಊರಿನ ಅಡಿಕೆ ರೇಟು. ಆಮೇಲೆ ಅವರ ಒಪ್ಪಂದದ ಸ್ಕೋಪ್ ಅಧ್ಯಾಯ ಕಳಿಸಿ ಅಂದೆ, ಕಳಿಸಿದರು. ನಮ್ಮ ಫ್ಲೋ ಪತ್ರ ನಾನೂ ಅವರಿಗೆ ಕಳಿಸಿದ್ದೇನೆ. ಅದರಲ್ಲಿ ತಿಂಗಳಿಗೆ ಇಷ್ಟು ಜನ ಮೇಲೆ ಹೋಗುತ್ತಾರೆ ಅಂತಿದೆ, ಕೆಳಗೆ 'ಕಾರ್ಯಾಚರಣೆಯ ಅಗತ್ಯವಿದ್ದರೆ ಕಂಪನಿ ತಡೆಹಿಡಿಯಬಹುದು' ಅಂತಲೂ ಇದೆ. ಕ್ಯಾಪ್ಟನ್ ಸರ್, ಈ ಸಾಲಿಗೆ ಎಷ್ಟು ಹೆದರಬೇಕು?

ನಿವೃತ್ತ ರೀಜನಲ್ ಕ್ಯಾಪ್ಟನ್, ಒಹಾಯೊ

ಎಷ್ಟು ತಿಂಗಳವರೆಗೆ ತಡೆಯಬಹುದು ಅಂತ ಬರೆದಿದೆಯಾ ನೋಡು. ಬರೆದಿಲ್ಲದಿದ್ದರೆ ಆ ಪತ್ರವನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಅರ್ಜಿ ಹಾಕುತ್ತಿರು. ಕ್ಯಾಪ್ಟನ್ ಸರದಿ ಬಂದರೆ ಮಾತ್ರ ಬಿಡಬೇಡ, ಆ ಗಂಟೆಗಳು ಎಲ್ಲಿ ಹೋದರೂ ನಿನ್ನವೇ.